ಬನಹಟ್ಟಿಯಿಂದ ಹೋದ ಒಂದು ಫ್ಯಾಕ್ಸ್



ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನೆವ ಹೇಳಿಕೊಂಡು ಸುಮ್ಮನಿದ್ದೆ. ಕಳೆದ ತಿಂಗಳು ಅಮೆರಿಕೆಯ ಆಸ್ಪತ್ರೆಯೊಂದರ ಗಣಕ ವಿಭಾಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, "ಸರ, ಇಲ್ಲಿ ದವಾಖಾನಿ ಕಾಗದ ಇನ್ನೂ ಫ್ಯಾಕ್ಸಿನಾಗ ಓಡಾಡ್ತಾವ ನೋಡ್ರಿ. ಲಿನಕ್ಸ್ ಸರ್ವರಿನ ಮ್ಯಾಲೆ ಕೂಡಿಸೀವಿ. ಎರಡು ಪುಟ ಹೋಗ್ತಾವ, ಮೂರನೇದಕ್ಕ ಲೈನು ಹರೀತದ. ಲೈನಿನವರದ ತಪ್ಪು ಅಂತ ಕಾಣಸ್ತದ" ಎಂದ. ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಬಂತು: "ಮೊದಲ ನಿನ್ನ ತುದಿ ನೋಡಿಕೊಳ್ಳಪಾ, ಆಮ್ಯಾಲೆ ಲೈನಿನವರನ್ನ ಬೈಯುವಿಯಂತ."

ಇತಿಹಾಸ ಕಲಿಸಿದ ಮಾಸ್ತರನಿಗೆ ಈ ಮಾತು ಎಲ್ಲಿಂದ ಬಂತು ಎಂದು ಅವನು ನಕ್ಕ. ನಾನು ನಗಲಿಲ್ಲ. ಆ ಮಾತಿಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಒಂದು ಹಿನ್ನೆಲೆಯಿದೆ. ಅದನ್ನು ನಾನು ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಇಂದು ಹೇಳುತ್ತೇನೆ. ಆದರೆ ನಿಮಗೆ ಗೊತ್ತೇ ಇದೆ, ನನ್ನದು ಹಳೆಯ ಚಟ: ಯಾವ ಪಾಠವನ್ನೂ ಅದರ ಪೀಠಿಕೆಯಿಲ್ಲದೆ ಆರಂಭಿಸಲಾರೆ.

ನಮ್ಮ ಸೀಮೆಯಲ್ಲಿ ಸುದ್ದಿ ಹೇಗೆ ಪ್ರಯಾಣ ಮಾಡುತ್ತಿತ್ತು ಎಂಬುದೇ ಒಂದು ಸ್ವಾರಸ್ಯದ ಇತಿಹಾಸ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಧಿಕ್ಕರಿಸಿ ನಿಂತ ಸಂಗತಿ ನಮ್ಮ ಹಳ್ಳಿಗಳಿಗೆ ತಲುಪಿದ್ದು, ಉಳಿದದ್ದು, ಲಾವಣಿಯ ಮೂಲಕ. ಅದೇ ಹೊತ್ತಿಗೆ ದೇಶದ ಇನ್ನೊಂದು ಭಾಗದಲ್ಲಿ ತಂತಿ ಆಗಲೇ ಕೆಲಸ ಮಾಡುತ್ತಿತ್ತು. ಓ'ಶಾಗ್ನೆಸಿ ಎಂಬ ಐರಿಷ್ ವೈದ್ಯ 1839ರಲ್ಲಿ ಕಲ್ಕತ್ತೆಯಲ್ಲಿ ತಂತಿಯ ಪ್ರಯೋಗ ನಡೆಸಿದ್ದ. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಮಾರ್ಗ ತೆರೆಯಿತು. 1855ರಲ್ಲಿ ತಂತಿ ಸಾರ್ವಜನಿಕರಿಗೆ ದೊರೆಯಿತು. ಒಂದೇ ಕಾಲದಲ್ಲಿ ಒಂದು ಸುದ್ದಿ ಡಪ್ಪಿನ ಪೆಟ್ಟಿನ ಮೇಲೆ, ಇನ್ನೊಂದು ಸುದ್ದಿ ವಿದ್ಯುತ್ತಿನ ಮೇಲೆ ಸಾಗುತ್ತಿತ್ತು.

ನಮ್ಮ ನಾಲ್ಕು ಊರುಗಳ ಚರಿತ್ರೆಯೂ ಒಂದೇ ಎಳೆಯದಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ರಾಜಧಾನಿ ಮುಂಬಯಿಯಿಂದ ಬೆಂಗಳೂರಿಗೆ ಬದಲಾಯಿತು. ದೂರ ಮಾತ್ರ ಕಡಿಮೆಯಾಗಲಿಲ್ಲ. ಜಮಖಂಡಿಯ ಒಂದು ಕಾಗದ ಬೆಂಗಳೂರಿನ ಮೇಜಿಗೆ ಹೋಗಿ ಮುಟ್ಟುವುದೆಂದರೆ ಸಣ್ಣ ಮಾತಾಗಿರಲಿಲ್ಲ.

ನನ್ನ ಬಾಲ್ಯ ಬೀಳಗಿಯ ಕಡೆಯ ಒಂದು ಹಳ್ಳಿಯಲ್ಲಿ ಕಳೆಯಿತು. ಅಲ್ಲಿಯ ಅಂಚೆ ಕಚೇರಿ ಇದ್ದ ಜಾಗ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ನಮ್ಮಲ್ಲಿ ಟೆಲಿಗ್ರಾಮಿಗೆ 'ತಾರು' ಎನ್ನುತ್ತಿದ್ದರು. ತಾರು ಬಂತೆಂದರೆ ಹೆಂಗಸರು ಅದನ್ನು ಓದಿಸುವ ಮೊದಲೇ ಅಳಲು ಆರಂಭಿಸುತ್ತಿದ್ದರು. ಅದರ ಒಕ್ಕಣೆ ಇಂಗ್ಲಿಷಿನಲ್ಲಿ. ಓದಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಒಮ್ಮೆ ಸೊಲ್ಲಾಪುರದ ಗಿರಣಿಯಲ್ಲಿದ್ದ ಮಗನಿಗೆ ಕೆಲಸ ಖಾಯಂ ಆಯಿತೆಂದು ತಾರು ಬಂದಾಗ, ಮಾಸ್ತರರನ್ನು ಕರೆತರುವಷ್ಟರಲ್ಲಿ ಅರ್ಧ ಓಣಿಯೇ ಕೂಡಿ ಅತ್ತಿತ್ತು. ತಾರಿನ ಮಿತಿ ಏನೆಂಬುದು ನನಗೆ ಅಂದು ತಿಳಿಯಲಿಲ್ಲ, ಮುಂದೆ ತಿಳಿಯಿತು. ತಾರು ಅಕ್ಷರಗಳನ್ನು ಕಟ್ಟಕಡಗಳಾಗಿ ಒಯ್ಯುತ್ತಿತ್ತೇ ಹೊರತು, ಬರೆದವನ ಕೈಯನ್ನು ಒಯ್ಯುತ್ತಿರಲಿಲ್ಲ. ಅಪ್ಪನ ಬರಹವಾಗಲಿ, ಸಹಿಯಾಗಲಿ, ಹೆಬ್ಬೆಟ್ಟಾಗಲಿ ತಂತಿಯ ಮೇಲೆ ಹತ್ತುತ್ತಿರಲಿಲ್ಲ. ಆ ಸೇವೆ 2013ರ ಜುಲೈ ತಿಂಗಳಲ್ಲಿ ಶಾಶ್ವತವಾಗಿ ನಿಂತಿತು.

ಕೈಬರಹವನ್ನೇ ತಂತಿಯ ಮೇಲೆ ಕಳಿಸಬಹುದೆಂಬ ಕಲ್ಪನೆ ಮಾತ್ರ ನಾವು ತಿಳಿದಿರುವುದಕ್ಕಿಂತ ಬಹಳ ಹಳೆಯದು. ಅನೇಕರು ಫ್ಯಾಕ್ಸನ್ನು ದೂರವಾಣಿಯ ಮಗುವೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ದೂರವಾಣಿಗಿಂತ ಹಿರಿಯದು. ಗ್ರಹಾಂ ಬೆಲ್‌ಗೆ ದೂರವಾಣಿಯ ಹಕ್ಕುಪತ್ರ ದೊರೆತದ್ದು 1876ರಲ್ಲಿ. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ ಎರಡು ತುದಿಗಳಲ್ಲಿ ಲೋಲಕಗಳನ್ನು ಒಂದೇ ಲಯದಲ್ಲಿ ತೂಗಿಸಿ ಆಕೃತಿಯನ್ನು ಸಾಲುಸಾಲಾಗಿ ಕಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1843ರಲ್ಲಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬೇಕ್‌ವೆಲ್ ಎಂಬಾತ ಇಂಥದೇ ಯಂತ್ರವನ್ನು ತೋರಿಸಿದ. ಕಡೆಗೆ ಇಟಲಿಯ ಪಾದ್ರಿ ಜಿಯೋವಾನಿ ಕಸೆಲ್ಲಿ ಇದನ್ನು ವ್ಯವಹಾರಕ್ಕೆ ತಂದ. 1865ರಲ್ಲಿ ಅವನ ಯಂತ್ರದ ಸೇವೆ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವೆ ಆರಂಭವಾಯಿತು. ಅದರ ಮುಖ್ಯ ಉಪಯೋಗಗಳಲ್ಲೊಂದು ಯಾವುದು ಗೊತ್ತೇ? ಬ್ಯಾಂಕಿನ ವ್ಯವಹಾರದಲ್ಲಿ ಸಹಿಯನ್ನು ಪರಿಶೀಲಿಸುವುದು.

ಲಿಯಾನ್ ಎಂಬ ಹೆಸರನ್ನು ಬನಹಟ್ಟಿಯವರು ಗಮನಿಸಬೇಕು. ಅದು ರೇಷ್ಮೆ ನೇಕಾರರ ನಗರ. ರಂಧ್ರ ಕೊರೆದ ರಟ್ಟುಗಳಿಂದ ಮಗ್ಗದ ಎಳೆಗಳನ್ನು ಎತ್ತಿಳಿಸುವ ಯಂತ್ರವನ್ನು ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ್ದು ಆ ಊರಿನಲ್ಲೇ. ನಮ್ಮ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ತಲೆಯ ಮೇಲೆ ಕೂತು ಟಕಟಕ ಎನ್ನುವುದು ಅದೇ ಲಿಯಾನಿನವನ ಹೆಸರು ಹೊತ್ತ ಯಂತ್ರ. ಜಗತ್ತಿನ ಮೊದಲ ಫ್ಯಾಕ್ಸ್ ಮಾರ್ಗದ ಒಂದು ತುದಿ ನೇಕಾರರ ಊರಾಗಿತ್ತು. ನನ್ನ ಕಥೆಯ ಒಂದು ತುದಿಯೂ ನೇಕಾರರ ಊರೇ.

ಇನ್ನು ನಮ್ಮ ಕಡೆಗೆ ಬರೋಣ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರಯತ್ನದಿಂದ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಯಿತು. ಧೂಳು, ಸೆಖೆ ಎಲ್ಲವನ್ನೂ ತಡೆದುಕೊಳ್ಳುವ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ಅದು ತಯಾರಿಸಿತು. 128 ಲೈನುಗಳ ಅಂಥ ಮೊದಲ ಕೇಂದ್ರ ಕೆಲಸ ಆರಂಭಿಸಿದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರಿಗೆ ಈ ಇನ್ನೊಂದು ಹಿರಿಮೆಯೂ ಇದೆಯೆಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ಆಮೇಲೆ ಹಳದಿ ಹಲಗೆಯ ಎಸ್‌ಟಿಡಿ ಬೂತುಗಳು ಬಂದವು. ಅವುಗಳಲ್ಲಿ ಕೆಲವು 'ಇಲ್ಲಿ ಫ್ಯಾಕ್ಸ್ ಸೌಲಭ್ಯವಿದೆ' ಎಂದು ಬರೆಸಿಕೊಂಡವು. 1980ರಲ್ಲಿ ಗೊತ್ತಾದ ಅಂತರರಾಷ್ಟ್ರೀಯ ನಿಯಮದಿಂದಾಗಿ ಯಾವ ದೇಶದ ಫ್ಯಾಕ್ಸ್ ಯಂತ್ರವಾದರೂ ಇನ್ನಾವ ದೇಶದ ಯಂತ್ರದೊಡನೆ ಮಾತನಾಡಬಹುದಿತ್ತು. ಹಿಂದೆ ಆರು ನಿಮಿಷ ಹಿಡಿಯುತ್ತಿದ್ದ ಪುಟ ಒಂದು ನಿಮಿಷದಲ್ಲಿ ಹೋಗತೊಡಗಿತು. ಈ ಯಂತ್ರವನ್ನು ಎಲ್ಲರಿಗಿಂತ ಹೆಚ್ಚಾಗಿ ಅಪ್ಪಿಕೊಂಡವರು ಜಪಾನಿನವರು. ಸಾವಿರಾರು ಚಿತ್ರಾಕ್ಷರಗಳ ಭಾಷೆಗೆ ಬೆರಳಚ್ಚಿಗಿಂತ ಕೈಬರಹವೇ ಸುಲಭ. ಫ್ಯಾಕ್ಸಿಗೆ ಎಲ್ಲ ಲಿಪಿಯೂ ಒಂದೇ, ಎಲ್ಲವೂ ಚುಕ್ಕೆಗಳೇ. ಕನ್ನಡಕ್ಕೂ ಅದೇ ಅನುಕೂಲ.

ಈಗ 2004ರ ಮಾರ್ಚ್ ತಿಂಗಳಿಗೆ ಬರುತ್ತೇನೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೆಲವೇ ದಿನಗಳಿದ್ದವು. ಶಾಲೆಗೆ ಪ್ರವೇಶಪತ್ರಗಳ ಕಟ್ಟು ಬಂತು. ಹಂಚುತ್ತ ಹೋದಂತೆ ಒಬ್ಬ ಹುಡುಗಿಯದು ಮಾತ್ರ ಇಲ್ಲ. ಶುಲ್ಕ ಕಟ್ಟಿದ್ದಳು, ಹಾಜರಾತಿ ಸರಿಯಿತ್ತು. ಅವಳ ತಂದೆ ಬನಹಟ್ಟಿಯ ಕೂಲಿ ನೇಕಾರರು. ಮಗ್ಗ ಬಿಟ್ಟು ಎದ್ದು ಬಂದು ಶಾಲೆಯ ಕಟ್ಟೆಯ ಮೇಲೆ ಕೂತು, "ಮಾಸ್ತರ, ಇಷ್ಟು ವರ್ಷ ಓದಿಸೇನ್ರಿ. ಈ ವರ್ಷ ಪರೀಕ್ಷಾ ತಪ್ಪಿದರ ಮನ್ಯಾಗ ಇನ್ನ ಸಾಲಿ ಬ್ಯಾಡ ಅಂತಾರ್ರಿ. ಲಗ್ನದ ಮಾತು ನಡದಾವು" ಎಂದರು. ನಾನು ಏನೆಂದೆ? "ಮ್ಯಾಲಿನ ಕಚೇರಿಯವರ ತಪ್ಪು ಆಗೇದರಿ. ಸರಿ ಮಾಡಸ್ತೀವಿ" ಎಂದೆ. ಈ ಮಾತನ್ನು ನೆನಪಿಡಿ.

ಮುಖ್ಯೋಪಾಧ್ಯಾಯರು ಬೆಂಗಳೂರಿನ ಸಂಬಂಧಪಟ್ಟ ಕಚೇರಿಗೆ ಫೋನು ಮಾಡಿದರು. ಅಲ್ಲಿದ್ದ ಗುಮಾಸ್ತರು ಸೌಜನ್ಯದಿಂದಲೇ ಮಾತನಾಡಿದರು: ಮುಖ್ಯೋಪಾಧ್ಯಾಯರ ಮನವಿ, ಶುಲ್ಕದ ರಸೀದಿ, ಪಾಲಕರ ಸಹಿ ಇರುವ ಹೇಳಿಕೆ, ಇಷ್ಟು ನಾಳೆ ಮಧ್ಯಾಹ್ನದೊಳಗೆ ಫ್ಯಾಕ್ಸಿನಲ್ಲಿ ಬಂದರೆ ಸಾಹೇಬರ ಮುಂದೆ ಇಡುತ್ತೇನೆ, ಮೂಲ ಪ್ರತಿ ಅಂಚೆಯಲ್ಲಿ ಬರಲಿ. ನಮಗೆ ಪರಿಚಯವಿದ್ದ ಬೂತಿನ ಫ್ಯಾಕ್ಸ್ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಆಗ ನೆನಪಾದವನು ನನ್ನ ಇನ್ನೊಬ್ಬ ವಿದ್ಯಾರ್ಥಿ. ನೇಕಾರರ ಮಗ, ಡಿಪ್ಲೊಮಾ ಮುಗಿಸಿ ಸೀರೆ ವ್ಯಾಪಾರಸ್ಥರೊಬ್ಬರ ಪೇಢಿಯಲ್ಲಿ ಲೆಕ್ಕ ನೋಡುತ್ತಿದ್ದ. ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಯಿಂದ ಲಿನಕ್ಸನ್ನು ಹಾಕಿಕೊಂಡು, ಪೇಢಿಯ ಹಳೆಯ ಕಂಪ್ಯೂಟರಿಗೆ ಜೀವ ಕೊಟ್ಟಿದ್ದ. ಸೀರೆಯ ನಮೂನೆ ನಕಲು ಮಾಡಲು ಸ್ಕ್ಯಾನರ್ ಇತ್ತು. ಹೊರಗೆ ಕೂರಿಸುವ ಮೋಡೆಮ್ ಒಂದನ್ನು ಆಗಷ್ಟೇ ತಂದಿದ್ದ. ಫ್ಯಾಕ್ಸ್ ಇನ್ನೂ ಒಮ್ಮೆಯೂ ಹೋಗಿರಲಿಲ್ಲ. "ಇವತ್ತ ರಾತ್ರಿ ಕೂತು ಹಚ್ಚೂಣ್ರಿ ಸರ, ಕಾಳಜಿ ಮಾಡಬ್ಯಾಡ್ರಿ" ಎಂದ.

ಕಾಗದಗಳನ್ನು ಸಿದ್ಧಪಡಿಸುವಾಗ ಶಾಲೆಯ ಕಚೇರಿ ಪ್ರತಿಯನ್ನು ತೆಗೆದು ನೋಡಿದೆ. ಪರೀಕ್ಷಾರ್ಥಿಗಳ ಪಟ್ಟಿಯನ್ನು ಆ ವರ್ಷ ಬರೆದವನು ನಾನೇ. ಒಂದನೆಯ ಪುಟದ ಕೊನೆಯ ಸಾಲಿನಲ್ಲಿ ಬರಬೇಕಾಗಿದ್ದ ಹೆಸರು ಅಲ್ಲಿರಲಿಲ್ಲ. ಎರಡನೆಯ ಪುಟದ ಮೊದಲಲ್ಲೂ ಇರಲಿಲ್ಲ. ಪುಟ ತಿರುವುವಾಗ ಒಂದು ಹೆಸರನ್ನು ಬಿಟ್ಟಿದ್ದೆ. ಮೇಲಿನ ಕಚೇರಿ ನಾನು ಕಳಿಸಿದ್ದನ್ನು ಕಳಿಸಿದಂತೆಯೇ ಅಚ್ಚು ಮಾಡಿತ್ತು. ಮುಖ್ಯೋಪಾಧ್ಯಾಯರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಮನವಿಯಲ್ಲಿ 'ಕಣ್ತಪ್ಪಿನಿಂದ ಹೆಸರು ಬಿಟ್ಟುಹೋಗಿರುತ್ತದೆ' ಎಂದು ಬರೆದರು. ಯಾರ ಕಣ್ಣು ಎಂಬುದು ಆ ವಾಕ್ಯದಲ್ಲಿರಲಿಲ್ಲ. ಮಾಡಿದವನನ್ನು ಹೆಸರಿಸದ ಕನ್ನಡ ವಾಕ್ಯ ಎಷ್ಟು ದಯಾಳು ಎಂಬುದು ನನಗೆ ಅಂದು ಅರ್ಥವಾಯಿತು. ತಂದೆ ಬಂದರು. ಹಾಳೆಯಲ್ಲಿ ಮೊಹರು, ಮುಖ್ಯೋಪಾಧ್ಯಾಯರ ಸಹಿ ಎಲ್ಲ ಆಗಿ ತಳದಲ್ಲಿ ಬೆರಳಗಲ ಜಾಗವಷ್ಟೇ ಉಳಿದಿತ್ತು. ಅಲ್ಲಿಯೇ ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ತಮ್ಮ ಹೆಸರು ಬರೆದರು. ನಾನು ಅವರಿಗೆ ಆಗಲೂ ನಿಜ ಹೇಳಲಿಲ್ಲ.

ಕೊನೆಯ ಬಸ್ಸಿಗೆ ಬನಹಟ್ಟಿಗೆ ಹೋದೆ. ಆ ರಾತ್ರಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಏಕೆಂದರೆ ಆ ತಂತ್ರಾಂಶದ ಪ್ರತಿಯೊಂದು ಹೊಂದಿಕೆಯ ಹಿಂದೆಯೂ ಒಂದೊಂದು ಇತಿಹಾಸ ಅಡಗಿರುವುದನ್ನು ನಾನು ಕಂಡದ್ದು ಅಂದೇ.

ಮೊದಲ ತೊಡಕು: ತಂತ್ರಾಂಶಕ್ಕೆ ಮೋಡೆಮ್ ಸಿಗುತ್ತಲೇ ಇರಲಿಲ್ಲ. ವಿಂಡೋಸಿನಲ್ಲಿ 'ಕಾಮ್ ಒಂದು' ಎಂದು ಕರೆಯುವ ಮೊದಲನೆಯ ಸರಣಿ ಕಿಂಡಿಗೆ ಲಿನಕ್ಸಿನಲ್ಲಿ 'ಟಿಟಿವೈಎಸ್ ಸೊನ್ನೆ' ಎಂದು ಹೆಸರು. ಇವನು ಒಂದನೆಯದು ಎಂದರೆ ಒಂದು ಎಂದೇ ಕೊಟ್ಟಿದ್ದ. ಅದು ಏನನ್ನೂ ಜೋಡಿಸದ ಎರಡನೆಯ ಕಿಂಡಿ. ಸೊನ್ನೆಯಿಂದ ಎಣಿಸುವುದು ಯಂತ್ರದವರ ರೂಢಿ, ಒಂದರಿಂದ ಎಣಿಸುವುದು ನಮ್ಮದು. ಇತಿಹಾಸದಲ್ಲೂ ಈ ಪೇಚಾಟವಿದೆ, ಹತ್ತೊಂಬತ್ತನೆಯ ಶತಮಾನ ಎಂದರೆ ಹದಿನೆಂಟುನೂರರ ವರ್ಷಗಳು ಎಂದು ನಿಮಗೆ ಪ್ರತಿ ವರ್ಷವೂ ಬಿಡಿಸಿ ಹೇಳುತ್ತಿದ್ದೆನಲ್ಲ, ಹಾಗೆ. ಟಿಟಿವೈ ಎಂಬುದು ಟೆಲಿಟೈಪ್ ಎಂಬುದರ ಹ್ರಸ್ವ. ಪತ್ರಿಕಾ ಕಚೇರಿಗಳಲ್ಲಿ ಸುದ್ದಿಯನ್ನು ಕಟಕಟ ಎಂದು ಅಚ್ಚೊತ್ತುತ್ತಿದ್ದ ದೂರಮುದ್ರಕ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿದಾಗ ಕಂಪ್ಯೂಟರಿನ ಮುಂದೆ ಕೂರುತ್ತಿದ್ದುದು ಆ ಯಂತ್ರ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆದಾಗ ಯಂತ್ರ ಹೋಗಿ ಹೆಸರು ಉಳಿಯಿತು. ಕೋಟೆ ಬಿದ್ದ ಮೇಲೂ ಊರಿಗೆ 'ಕೋಟಿ' ಎಂಬ ಹೆಸರು ಉಳಿಯುವುದಿಲ್ಲವೇ, ಹಾಗೆ.

ಎರಡನೆಯದು ಅಪ್ಪಣೆಯ ತೊಡಕು. ಕಿಂಡಿ ಸಿಕ್ಕಿತು, ಆದರೆ 'ಅನುಮತಿಯಿಲ್ಲ' ಎಂಬ ಉತ್ತರ. ಲಿನಕ್ಸಿನಲ್ಲಿ ಪ್ರತಿ ಸಾಧನಕ್ಕೂ ಒಡೆಯನೂ ಗುಂಪೂ ಇರುತ್ತವೆ. ಅವನ ಯಂತ್ರದಲ್ಲಿ ಆ ಕಿಂಡಿ 'ಯುಯುಸಿಪಿ' ಎಂಬ ಗುಂಪಿಗೆ ಸೇರಿತ್ತು. ಒಂದು ಯುನಿಕ್ಸ್ ಯಂತ್ರ ಇನ್ನೊಂದಕ್ಕೆ ಫೋನು ಮಾಡಿ ಕಡತ ಕಳಿಸುತ್ತಿದ್ದ 1970ರ ದಶಕದ ಪದ್ಧತಿಯ ಹೆಸರು ಅದು. ಡೆಬಿಯನ್ ಬಗೆಯ ಲಿನಕ್ಸಿನಲ್ಲಾದರೆ 'ಡಯಲ್‌ಔಟ್' ಎಂಬ ಗುಂಪು. ತನ್ನನ್ನು ಆ ಗುಂಪಿಗೆ ಸೇರಿಸಿಕೊಂಡು, ಹೊರಗೆ ಹೋಗಿ ಮತ್ತೆ ಲಾಗಿನ್ ಆಗಿ ಬಂದ. ಹಾಗೆ ಹೊರಗೆ ಹೋಗಿ ಬರದಿದ್ದರೆ ಹೊಸ ಸದಸ್ಯತ್ವ ಲೆಕ್ಕಕ್ಕೆ ಬರುವುದಿಲ್ಲ. ಮೋಡೆಮಿನ ದೀಪ ಮಿನುಗಿತು.

ಮೂರನೆಯದು ನನ್ನನ್ನು ಬೆರಗುಗೊಳಿಸಿದ ತೊಡಕು. ಮೋಡೆಮ್ ಲೈನನ್ನು ಎತ್ತಿಕೊಳ್ಳುತ್ತದೆ, ಸ್ವಲ್ಪ ಕಾಯುತ್ತದೆ, 'ಡಯಲ್ ಟೋನ್ ಇಲ್ಲ' ಎಂದು ಕೆಳಗಿಡುತ್ತದೆ. ಅದೇ ಲೈನಿಗೆ ಫೋನು ಜೋಡಿಸಿ ಕಿವಿಗಿಟ್ಟರೆ ಡಯಲ್ ಟೋನ್ ಸ್ಪಷ್ಟವಾಗಿ ಕೇಳುತ್ತದೆ! ನಾನು ಒಡನೆಯೇ, "ಲೈನಿನಾಗ ಏನೋ ದೋಷ ಐತಿ, ದೂರು ಕೊಡೂಣು" ಎಂದೆ. ಅವನು ತಲೆಯಲ್ಲಾಡಿಸಿ, "ತಡೀರಿ ಸರ. ನಮ್ಮ ತುದಿ ನೋಡಿಕೊಂಡು ಆಮ್ಯಾಲೆ ಲೈನಿಗೆ ಹೋಗೂಣು" ಎಂದ. ಮೋಡೆಮಿನ ಕೈಪಿಡಿ ತೆರೆದ. ಅಮೆರಿಕೆಯ ಡಯಲ್ ಟೋನ್ 350 ಮತ್ತು 440 ಹರ್ಟ್ಸಿನ ಎರಡು ಸ್ವರಗಳ ಕೂಟ. ನಮ್ಮದು 400 ಹರ್ಟ್ಸಿನ ಸ್ವರ, ಅದಕ್ಕೆ 25 ಹರ್ಟ್ಸಿನ ಕಂಪನ. ಅದಕ್ಕೇ ನಮ್ಮ ಫೋನು 'ಗುರ್ರ್' ಎನ್ನುತ್ತದೆ. ಆ ದೇಶದ ಸ್ವರಕ್ಕೆ ಕಿವಿ ಪಳಗಿಸಿಕೊಂಡ ಮೋಡೆಮಿಗೆ ನಮ್ಮ ಗುರುಗುಟ್ಟುವಿಕೆ ಸ್ವರವೆಂದೇ ತೋರುತ್ತಿರಲಿಲ್ಲ. ಪರಿಹಾರ ಸರಳ: ಆರಂಭದ ಆಜ್ಞೆಯಲ್ಲಿ 'ಎಕ್ಸ್ 3' ಎಂದು ಸೇರಿಸಿದರೆ ಮೋಡೆಮ್ ಸ್ವರಕ್ಕಾಗಿ ಕಾಯದೆ ನಂಬರು ತಿರುಗಿಸುತ್ತದೆ. 'ಎಟಿ' ಎಂದು ಆರಂಭವಾಗುವ ಈ ಆಜ್ಞೆಗಳು 1981ರ ಹೇಯ್ಸ್ ಮೋಡೆಮಿನಿಂದ ಬಂದವು. 'ಎಟಿ' ಎಂದರೆ ಅಟೆನ್ಷನ್, ನಮ್ಮ ಡ್ರಿಲ್ ಮಾಸ್ತರರ 'ಸಾವಧಾನ್'.

ಈಗ ಕರೆ ಹೋಯಿತು. ಸೊಲ್ಲಾಪುರದ ವ್ಯಾಪಾರಸ್ಥರೊಬ್ಬರ ಫ್ಯಾಕ್ಸಿಗೆ ಪ್ರಯೋಗಕ್ಕೆಂದು ಒಂದು ಹಾಳೆ ಕಳಿಸಿದೆವು. ಅರ್ಧಕ್ಕೆ ನಿಂತಿತು. ಮತ್ತೆ ಕಳಿಸಿದೆವು, ಮತ್ತೆ ಅರ್ಧ. ಅವನು ಲಾಗ್ ಕಡತ ತೆರೆದು ಸಾಲುಸಾಲಾಗಿ ಓದತೊಡಗಿದ. ಯಾವ ಕ್ಷಣಕ್ಕೆ ಆ ತುದಿ ಉತ್ತರಿಸಿತು, ಯಾವ ವೇಗ ಗೊತ್ತಾಯಿತು, ಎಲ್ಲಿ ಕೈಬಿಟ್ಟಿತು, ಎಲ್ಲವೂ ಅಲ್ಲಿ ದಾಖಲಾಗಿತ್ತು. ನಾನು ಶಾಸನವನ್ನು ಓದುವ ಹಾಗೆ ಅವನು ಅದನ್ನು ಓದುತ್ತಿದ್ದ: ಊಹೆಯಿಲ್ಲ, ಆವೇಶವಿಲ್ಲ, ಸಾಕ್ಷ್ಯ ಮಾತ್ರ. ಎರಡು ಯಂತ್ರಗಳು ಮೊದಲು ಸೆಕೆಂಡಿಗೆ 300 ಬಿಟ್‌ಗಳ ನಿಧಾನ ವೇಗದಲ್ಲಿ ಪರಸ್ಪರ ಪರಿಚಯ ಮಾಡಿಕೊಂಡು, ಆಮೇಲೆ ಪುಟಕ್ಕಾಗಿ 14400ರ ವೇಗಕ್ಕೆ ಏರುತ್ತಿದ್ದವು. ಗೊರಗೊರ ಎನ್ನುವ ನಮ್ಮ ಲೈನಿನಲ್ಲಿ ಆ ವೇಗ ನಿಲ್ಲುತ್ತಿರಲಿಲ್ಲ. ಗರಿಷ್ಠ ವೇಗವನ್ನು 4800ಕ್ಕೆ ಇಳಿಸಿದ. ಪುಟ ಪೂರ್ತಿ ಹೋಯಿತು. ಹದಗೆಟ್ಟ ರಸ್ತೆಯಲ್ಲಿ ಬಂಡಿಯನ್ನು ನಿಧಾನವಾಗಿ ಹೊಡೆಯಬೇಕೆಂಬುದನ್ನು ಯಂತ್ರಕ್ಕೂ ಹೇಳಿಕೊಡಬೇಕು.

ನಡುವೆ ಕರೆಂಟು ಹೋಯಿತು. ಸುತ್ತಲಿನ ಮಗ್ಗಗಳೆಲ್ಲ ಒಮ್ಮೆಲೆ ಸುಮ್ಮನಾದವು. ಆ ಕತ್ತಲಲ್ಲಿ ಕೂತು, ಪುಟ ಹೇಗೆ ಚುಕ್ಕೆಗಳಾಗಿ ಹೋಗುತ್ತದೆಂದು ಅವನನ್ನು ಕೇಳಿದೆ. "ಸರ, ನಮ್ಮ ಅಪ್ಪ ದಡಿ ಲೆಕ್ಕ ಬರಸತಾನಲ್ರಿ, ಇಷ್ಟು ಎಳಿ ಬಿಳೇದು, ಇಷ್ಟು ಎಳಿ ಕರೇದು ಅಂತ, ಹಂಗ" ಎಂದ. ಫ್ಯಾಕ್ಸ್ ಪುಟದ ಒಂದೊಂದು ಸಾಲಿನಲ್ಲಿ 1728 ಚುಕ್ಕೆಗಳು. ಅವನ್ನು ಒಂದೊಂದಾಗಿ ಕಳಿಸದೆ 'ಇಷ್ಟು ಬಿಳಿ, ಇಷ್ಟು ಕಪ್ಪು' ಎಂದು ಎಣಿಕೆಯನ್ನು ಮಾತ್ರ ಕಳಿಸುತ್ತಾರೆ. 1952ರಲ್ಲಿ ಹಫ್‌ಮನ್ ಎಂಬ ವಿದ್ವಾಂಸ ಪ್ರಕಟಿಸಿದ ಉಪಾಯದಂತೆ, ಪದೇ ಪದೇ ಬರುವ ಎಣಿಕೆಗೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ಪೂರ್ತಿ ಬಿಳಿಯಾದ ಸಾಲಿನ 1728 ಚುಕ್ಕೆಗಳು ಕೇವಲ 17 ಬಿಟ್‌ಗಳಲ್ಲಿ ಅಡಗುತ್ತವೆ. ಇದನ್ನು ನೇಕಾರರ ಮಗನಷ್ಟು ಚೆನ್ನಾಗಿ ಇನ್ನಾರೂ ನನಗೆ ವಿವರಿಸಲಾರರು.

ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿಗೆ ಫ್ಯಾಕ್ಸ್ ಕಳಿಸಿದೆವು. 'ಯಶಸ್ವಿ' ಎಂದು ಲಾಗಿನಲ್ಲಿ ಬಂತು. ನಾನು ನಿಟ್ಟುಸಿರು ಬಿಟ್ಟು ಚಹಾ ಕುಡಿಯುತ್ತಿದ್ದೆ. ಅಷ್ಟರಲ್ಲಿ ಆ ಗುಮಾಸ್ತರೇ ಪೇಢಿಗೆ ಫೋನು ಮಾಡಿದರು: "ಅಕ್ಷರ ಎಲ್ಲ ಮೆತ್ತಿಕೊಂಡಿದೆ, ಓದೋಕಾಗ್ತಿಲ್ಲ. ಮತ್ತೆ ಕೆಳಗೆ ಪಾಲಕರ ಸಹಿನೇ ಇಲ್ವಲ್ಲ ಸಾರ್!"

ಸಹಿ ಇಲ್ಲವೇ? ನನ್ನ ಕಣ್ಣೆದುರೇ ಮಾಡಿದ ಸಹಿ! ಮೂಲ ಹಾಳೆ ನನ್ನ ಕೈಯಲ್ಲೇ ಇತ್ತು. "ಅವರ ಯಂತ್ರನ ಸರಿ ಇಲ್ಲ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹುಡುಗ ಏನೂ ಹೇಳದೆ, ನಾವು ಕಳಿಸಿದ ಚಿತ್ರವನ್ನೇ ಪರದೆಯ ಮೇಲೆ ತೆರೆದು ತೋರಿಸಿದ. ಅದರಲ್ಲಿಯೇ ಸಹಿ ಇರಲಿಲ್ಲ. ಸ್ಕ್ಯಾನ್ ಮಾಡಿದ ಚಿತ್ರವನ್ನು ಫ್ಯಾಕ್ಸ್ ಪುಟವಾಗಿ ಮಾರ್ಪಡಿಸುವ ಹೊಂದಿಕೆಯಲ್ಲಿ ಕಾಗದದ ಅಳತೆ 'ಲೆಟರ್' ಎಂದಿತ್ತು. ಅಮೆರಿಕೆಯ ಲೆಟರ್ ಹಾಳೆಯ ಉದ್ದ 11 ಅಂಗುಲ, ಅಂದರೆ ಸುಮಾರು 279 ಮಿಲಿಮೀಟರ್. ನಮ್ಮ ಎ4 ಹಾಳೆ 297 ಮಿಲಿಮೀಟರ್. ಜರ್ಮನಿಯಲ್ಲಿ 1922ರಲ್ಲಿ ಗೊತ್ತಾದ ಆ ಅಳತೆಯನ್ನು ಅಮೆರಿಕೆ ಒಪ್ಪಿಕೊಳ್ಳಲೇ ಇಲ್ಲ. ನಡುವಿನ ಹದಿನೆಂಟು ಮಿಲಿಮೀಟರ್ ಕತ್ತರಿಸಿ ಹೋಗಿತ್ತು. ಆ ಬೆರಳಗಲದ ಪಟ್ಟಿಯಲ್ಲಿಯೇ ಆ ತಂದೆಯ ಹೆಸರಿತ್ತು.

ಅಕ್ಷರ ಮೆತ್ತಿಕೊಂಡದ್ದಕ್ಕೂ ಕಾರಣ ನಮ್ಮ ಬಳಿಯೇ ಇತ್ತು. ಎಸ್‌ಟಿಡಿ ಖರ್ಚು ಉಳಿಸಲೆಂದು ಅವನು ಒರಟು ನಮೂನೆಯಲ್ಲಿ ಕಳಿಸಿದ್ದ. ಅದರಲ್ಲಿ ಮಿಲಿಮೀಟರಿಗೆ ಸುಮಾರು ನಾಲ್ಕೇ ಸಾಲು. ಸೂಕ್ಷ್ಮ ನಮೂನೆಯಲ್ಲಿ ಅದರ ಎರಡರಷ್ಟು. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಒರಟು ಸಾಕಾಗುತ್ತದೆ. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘಗಳಿಗೆ ಸಾಲುವುದಿಲ್ಲ. ಎರಡನ್ನೂ ತಿದ್ದಿ, ಈ ಸಲ ಕಳಿಸುವ ಮೊದಲು ಚಿತ್ರವನ್ನು ಪರದೆಯ ಮೇಲೆ ತಳದವರೆಗೆ ಇಳಿಸಿ ನೋಡಿ, ಮತ್ತೆ ಕಳಿಸಿದೆವು. ಹನ್ನೆರಡು ಗಂಟೆಗೆ ಹತ್ತು ನಿಮಿಷ ಇರುವಾಗ ಗುಮಾಸ್ತರ ಫೋನು ಬಂತು: "ಬಂತು ಸಾರ್, ಸಹಿ ಚೆನ್ನಾಗಿ ಕಾಣ್ತಿದೆ."

ಪ್ರವೇಶಪತ್ರ ಬಂತು. ಹುಡುಗಿ ಪರೀಕ್ಷೆ ಬರೆದಳು. ಗಣಿತದಲ್ಲಿ ಹೋಯಿತು; ಜೂನಿನಲ್ಲಿ ಮತ್ತೆ ಕಟ್ಟಿ ತೇರ್ಗಡೆಯಾದಳು. ಪಿಯುಸಿ ಓದಿದಳು. ಈಗ ಮುಧೋಳದಲ್ಲಿ ಸಂಸಾರ, ಅವಳ ಮಗಳೇ ಹೈಸ್ಕೂಲು ಸೇರಿದ್ದಾಳೆ. ಅವಳು ಈ ಬರಹಗಳನ್ನು ತಪ್ಪದೆ ಓದುತ್ತಾಳೆಂದು ನನಗೆ ಗೊತ್ತು.

ಮಗಳೇ, ಈ ಮಾತು ನಿನಗೆ. ಪರೀಕ್ಷೆ ಮುಗಿದ ದಿನ ನಿಮ್ಮ ಅಪ್ಪ ಎರಡು ಟವೆಲ್ಲು ತಂದುಕೊಟ್ಟು, "ಆ ಕಚೇರಿಯವರು ಮಾಡಿದ ತಪ್ಪನ್ನ ನೀವು ರಾತ್ರಿಯೆಲ್ಲ ಕೂತು ಸರಿ ಮಾಡಿದಿರಿ" ಎಂದು ಕೈ ಮುಗಿದರು. ನಾನು ಟವೆಲ್ಲನ್ನೂ ತೆಗೆದುಕೊಂಡೆ, ಆ ಮಾತನ್ನೂ ತೆಗೆದುಕೊಂಡೆ. ತಪ್ಪು ಕಚೇರಿಯದಾಗಿರಲಿಲ್ಲ, ನನ್ನದಾಗಿತ್ತು. ಹೇಳಬೇಕೆಂದು ಎಷ್ಟೋ ಸಲ ಬನಹಟ್ಟಿಯ ಕಡೆ ಹೋದಾಗ ಅಂದುಕೊಂಡೆ, ಹೇಳಲಿಲ್ಲ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಹೇಳಬೇಕಾದ ಕಿವಿ ಇಲ್ಲವಾದ ಮೇಲೆ ಹೇಳುತ್ತಿದ್ದೇನೆ, ಅದೂ ನನಗೆ ಗೊತ್ತು. ಕ್ಷಮಿಸು ಎಂದು ನಿನ್ನನ್ನಾದರೂ ಕೇಳುತ್ತೇನೆ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಇತಿಹಾಸ ಕಲಿಸಿದೆ. ಆಕರಗಳನ್ನು ಪರೀಕ್ಷಿಸಿ, ಬರೆದವನ ಸ್ವಾರ್ಥವೇನೆಂದು ಕೇಳಿ, ಎಂದು ನಿಮಗೆಲ್ಲ ಹೇಳಿದೆ. ನನ್ನ ಕೈಬರಹದ ಪಟ್ಟಿಯ ವಿಷಯದಲ್ಲಿ ಮಾತ್ರ ಆ ನಿಯಮವನ್ನು ಅನ್ವಯಿಸಿಕೊಳ್ಳಲಿಲ್ಲ. ಅದನ್ನು ನನಗೆ ಕಲಿಸಿದವನು, ಒಂದು ಕಾಲಕ್ಕೆ ನನ್ನ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗ. ಎರಡು ತುದಿಗಳ ನಡುವೆ ಏನಾದರೂ ಕೆಟ್ಟರೆ, ದೂರದ ತುದಿಯನ್ನು ದೂರುವುದು ಬಲು ಸುಲಭ. ನಮ್ಮ ಕೈಗೆಟಕುವುದು ನಮ್ಮ ತುದಿ ಮಾತ್ರ.

ಅಮೆರಿಕೆಯ ಹುಡುಗ ಮೊನ್ನೆ ಮತ್ತೆ ಫೋನು ಮಾಡಿದ್ದ. ಅವರ ದೂರವಾಣಿ ಲೈನು ಈಗ ತಾಮ್ರದ ತಂತಿಯಲ್ಲ, ಅಂತರ್ಜಾಲದ ಮೇಲೆಯೇ ಓಡುತ್ತದಂತೆ. ಮಾತಿಗೆ ಸಾಕಾಗುವ ಆ ಮಾರ್ಗದಲ್ಲಿ ಫ್ಯಾಕ್ಸಿನ ಸ್ವರಗಳು ತುಣುಕಾಗುತ್ತವೆ. ಅವರ ಸರ್ವರಿನ ಹೊಂದಿಕೆ ಮಾತ್ರ ಹಳೆಯ ಲೈನಿನ ಕಾಲದ್ದೇ ಉಳಿದಿತ್ತು. "ವೇಗ 9600ಕ್ಕ ಇಳಿಸಿದ್ಯಾ ಸರ, ಎಲ್ಲಾ ಪುಟ ಹೋಗಾಕ ಹತ್ತಿದವು. ತಪ್ಪು ನಮ್ಮ ತುದಿಯಾಗ ಇತ್ತು" ಎಂದ.

"ನಿಮ್ಮ ಸಾಹೇಬರಿಗೆ ಹಂಗಂತ ಹೇಳಿದಿಯೋ ಇಲ್ಲೋ?" ಎಂದು ಕೇಳಿದೆ.

"ಹೇಳೇನ್ರಿ ಸರ" ಎಂದ.

ನನಗಿಂತ ಇಪ್ಪತ್ತು ವರ್ಷ ಬೇಗ ಹೇಳಿದ್ದಾನೆ. ಒಳ್ಳೆಯದಾಗಲಿ.